ಹನ್ನೆರಡನೆಯ ಬಲಗಾಲು

ಒಬ್ಬ ಮನುಷ್ಯನನ್ನು ಬೆಂಚಿನ ಮೇಲೆ ಕೂರಿಸಿ ಅವನ ಬಲಗಾಲು ತೊಳೆಸುವುದರಲ್ಲಿ ಅಂಥ ಕಷ್ಟವೇನಿದೆ? ಏನೂ ಇಲ್ಲ ಎಂದೇ ನಾನು ತಿಳಿದಿದ್ದೆ. ಹನ್ನೆರಡು ಮಂದಿಯ ಕಾಲಾದರೆ ಅದೇ ಕೆಲಸ ಹನ್ನೆರಡು ಸಲ, ಅಷ್ಟೆ. ಹನ್ನೆರಡರ ಮಗ್ಗಿಯನ್ನು ನ್ಯಾಮತಿಯ ಮಕ್ಕಳ ತಲೆಗೆ ವರ್ಷಗಟ್ಟಲೆ ತುಂಬಿದ ಮೇಷ್ಟ್ರು ನಾನು. ಹನ್ನೆರಡು ಎಂಬ ಅಂಕಿ ನನ್ನನ್ನು ಹೆದರಿಸುವುದೆಂದರೇನು!

ಅದು ಯುದ್ಧದ ಕಾಲ. ಆಗ ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಒಟ್ಟು ಏಳು. ಆಸ್ಪತ್ರೆಯ ಕಾಂಪೌಂಡರ್ ಚೌರಪ್ಪ, ಗಾರೆ ಕೆಲಸದ ಇನ್ನಾಸಪ್ಪ ಮತ್ತು ಅವನ ತಮ್ಮ, ಒಬ್ಬ ದರ್ಜಿ, ಒಬ್ಬ ಪೊಲೀಸ್ ಪೇದೆ, ರಸ್ತೆ ಕೆಲಸದ ಗ್ಯಾಂಗಿನ ಕೆಲವರು, ಇವರೆಲ್ಲರ ಮೇಲೆ ನಾನು, ರಾಯಪ್ಪ ಮೇಷ್ಟ್ರು. 'ಮೇಲೆ' ಎಂಬುದು ನಾನು ಹೇಳಿಕೊಂಡದ್ದೇ ಹೊರತು ಬೇರೆ ಯಾರೂ ಹೇಳಿದ್ದಲ್ಲ. ಊರ ಅಂಚಿಗೆ ನಮ್ಮದೊಂದು ಹೆಂಚಿನ ಪ್ರಾರ್ಥನೆ ಮನೆ ಇತ್ತು. ಪಾದ್ರಿ ಸ್ವಾಮಿಗಳು ಶಿವಮೊಗ್ಗದಿಂದ ವರ್ಷಕ್ಕೆ ಎರಡು ಮೂರು ಸಲ ಬಂದು ಅಲ್ಲಿ ಪೂಜೆ ಮಾಡಿ ಹೋಗುತ್ತಿದ್ದರು. ಪಾಸ್ಕ ಹಬ್ಬಕ್ಕೆ ಮಾತ್ರ ನಾವೇ ಗಂಟುಮೂಟೆ ಕಟ್ಟಿಕೊಂಡು ಶಿವಮೊಗ್ಗಕ್ಕೆ ಹೋಗಬೇಕಾಗಿತ್ತು.

ಪಾಸ್ಕ ಎಂದರೆ ಯೇಸುಸ್ವಾಮಿ ಸತ್ತು ಮೂರನೆಯ ದಿನ ಎದ್ದು ಬಂದ ಹಬ್ಬ. ಆದರೆ ಅದು ಒಂದೇ ದಿನಕ್ಕೆ ಮುಗಿಯುವಂಥದಲ್ಲ. ಹಣೆಗೆ ಬೂದಿ ಇಟ್ಟುಕೊಂಡು ಶುರು ಮಾಡಿದರೆ ನಲವತ್ತು ದಿನ ತಪಸ್ಸು. ಮಾಂಸವಿಲ್ಲ, ಮದುವೆಯಿಲ್ಲ, ಜಗಳವೂ ಇರಬಾರದು. ಮಾಂಸವನ್ನು ನಾನು ಬಿಡುತ್ತಿದ್ದೆ. ಬಿಟ್ಟಿದ್ದೇನೆ ಎಂದು ಊರಿಗೆಲ್ಲ ಹೇಳುವುದನ್ನು ಬಿಡುತ್ತಿರಲಿಲ್ಲ. ಕೊನೆಯ ವಾರದಲ್ಲಿ ಭಾನುವಾರ ಈಚಲ ಗರಿ ಹಿಡಿದು ಮೆರವಣಿಗೆ. ಶುಕ್ರವಾರ ಸ್ವಾಮಿ ಶಿಲುಬೆಗೇರಿದ ದಿನ, ಬರೀ ಗಂಜಿ. ಅದರ ಹಿಂದಿನ ದಿನವೇ ದೊಡ್ಡ ಗುರುವಾರ. ಯೇಸುಸ್ವಾಮಿ ತನ್ನ ಹನ್ನೆರಡು ಮಂದಿ ಶಿಷ್ಯರ ಮುಂದೆ ಮಂಡಿಯೂರಿ, ಅವರ ಕಾಲು ತೊಳೆದು, ಸೊಂಟದ ಬಟ್ಟೆಯಿಂದ ಒರೆಸಿದ ದಿನ. ಅದರ ನೆನಪಿಗೆ ಪ್ರತಿ ವರ್ಷ ಪಾದ್ರಿ ಸ್ವಾಮಿಗಳು ಹನ್ನೆರಡು ಮಂದಿ ಗಂಡಸರ ಬಲಗಾಲು ತೊಳೆದು, ಒರೆಸಿ, ಪಾದಕ್ಕೆ ಮುತ್ತಿಡುತ್ತಾರೆ.

ನಮ್ಮತ್ತೆ ಮರಿಯಮ್ಮನಿಗೆ ಆ ವಾರದಲ್ಲೆಲ್ಲ ಈ ಗುರುವಾರವೇ ಪ್ರಾಣ. ಆಕೆ ನಮ್ಮ ಮನೆಯಲ್ಲೇ ಇದ್ದರು. ಮೊಣಕಾಲು ಊದಿ, ಹೊಸ್ತಿಲು ದಾಟುವುದೇ ಒಂದು ಯಾತ್ರೆಯಾಗಿತ್ತು. ಬಸ್ಸಿನ ಮೆಟ್ಟಿಲು ಹತ್ತುವ ಮಾತಂತೂ ದೂರ. ನಾಲ್ಕು ವರ್ಷದಿಂದ ಪಾಸ್ಕದ ವಾರದ ಪೂಜೆ ಕಂಡಿರಲಿಲ್ಲ. ಆ ವರ್ಷ ತಪಸ್ಸಿನ ಕಾಲ ಶುರುವಾದಾಗ ಒಂದು ದಿನ ಅವರೆಕಾಳು ಬಿಡಿಸುತ್ತಾ ಹೇಳಿದರು.

"ಸಾಯೋದ್ರೊಳಗೆ ಇನ್ನೊಂದು ಸಲ ದೊಡ್ಡ ಗುರುವಾರದ ಕಾಲು ತೊಳೆಯೋದು ನೋಡಬೇಕು ಅನ್ನಿಸ್ತೈತೆ ಕಣ್ರಿ ಅಳಿಯಂದಿರೇ. ಆಗ್ದಿದ್ರೂ ನಡೀತೈತೆ ಬಿಡ್ರಿ."

'ನಡೀತೈತೆ ಬಿಡ್ರಿ' ಎಂದ ರೀತಿ ಹೇಗಿತ್ತೆಂದರೆ, ನಡೆಯುವುದಿಲ್ಲ ಎಂಬುದು ನನಗೂ ಅರ್ಥವಾಯಿತು. ಅರ್ಥವಾಗದೆ ಉಳಿದಿದ್ದರೆ ಎಂದು ನನ್ನ ಹೆಂಡತಿ ತೆರೇಸ ಒಳಗೆ ಕರೆದು ಬಿಡಿಸಿ ಹೇಳಿದಳು.

"ಇಷ್ಟು ವರ್ಷದಾಗೆ ಅವ್ವ ನಿಮ್ಮನ್ನ ಒಂದು ಏನಾರ ಕೇಳೈತೇನ್ರಿ? ಊರಿಗೆಲ್ಲ ಅರ್ಜಿ ಬರೆದುಕೊಡ್ತೀರಿ. ಸ್ವಾಮಿಗಳಿಗೆ ಒಂದು ಕಾಗದ ಬರೆಯಾಕೆ ಆಗಲ್ಲೇನು?"

ಬರೆದೆ. ಆ ವರ್ಷ ಶಿವಮೊಗ್ಗದಲ್ಲಿ ಇಬ್ಬರು ಪಾದ್ರಿ ಸ್ವಾಮಿಗಳಿದ್ದರು. ಅವರಲ್ಲಿ ವಯಸ್ಸಾದವರೇ ಉತ್ತರ ಕೊಟ್ಟರು. ಅವರು ಪರದೇಶದವರು. ಕನ್ನಡವನ್ನು ಪಂಡಿತರೊಬ್ಬರ ಬಳಿ ಕಲಿತಿದ್ದರಿಂದ ನಮ್ಮೆಲ್ಲರಿಗಿಂತ ಶುದ್ಧವಾಗಿ ಮಾತಾಡುತ್ತಿದ್ದರು. "ತಮ್ಮ ವಿನಂತಿಯನ್ನು ಸಂತೋಷದಿಂದ ಅಂಗೀಕರಿಸಿರುವೆನು. ಕಾಲು ತೊಳೆಯುವ ವಿಧಿಗೆ ಹನ್ನೆರಡು ಮಂದಿ ಪುರುಷರು ಅವಶ್ಯಕ. ಹನ್ನೊಂದು ಮಂದಿ ಇದ್ದಲ್ಲಿ ಆ ವಿಧಿಯನ್ನು ನೆರವೇರಿಸಲಾರೆನು" ಎಂದು ಬರೆದಿದ್ದರು.

ನಾನು ಅದೇ ದಿನ ಮರುಟಪಾಲಿನಲ್ಲಿ ಬರೆದೆ: "ಹನ್ನೆರಡಲ್ಲ, ಅಪ್ಪಣೆಯಾದರೆ ಹದಿನೈದು ಮಂದಿ ಸಿದ್ಧರಿದ್ದಾರೆ!"

ಟಪಾಲು ಹಾಕಿ ಬಂದ ಮೇಲೆ ಲೆಕ್ಕ ಮಾಡಿದೆ. ನನ್ನ ಹದಿನೈದರಲ್ಲಿ ಮೂವರು ಸೈನ್ಯಕ್ಕೆ ಸೇರಿ ಹೋಗಿದ್ದರು. ಇಬ್ಬರು ಜಗಳೂರು ಕಡೆ ಕೆರೆ ಕೆಲಸಕ್ಕೆ ಹೋದವರು ಮಳೆಗಾಲದವರೆಗೂ ಬರುವಂತಿರಲಿಲ್ಲ. ಒಬ್ಬನಿಗೆ ಎರಡು ತಿಂಗಳು, ಇನ್ನೂ ತಾಯಿ ಹಾಲು ಕುಡಿಯುತ್ತಿದ್ದ. ಉಳಿದವರು ಒಂಬತ್ತು ಮಂದಿ. ನಾನು ಲೆಕ್ಕಕ್ಕೆ ಬರುವಂತಿರಲಿಲ್ಲ. ಪೂಜೆಯ ಹೊತ್ತಿನಲ್ಲಿ ಲತೀನ್ ಭಾಷೆಯಲ್ಲಿ ಸ್ವಾಮಿಗಳಿಗೆ ಉತ್ತರ ಹೇಳಲು, ಕಾಲು ತೊಳೆಯುವಾಗ ನೀರು ಹುಯ್ಯಲು ಒಬ್ಬ ತಿಳಿದ ಮನುಷ್ಯ ಬೇಡವೇ? ಆ ತಿಳಿದ ಮನುಷ್ಯ ನಾನೇ!

ಮೂವರು ಕಡಿಮೆ ಎಂದು ಎದೆಗೆಡಲಿಲ್ಲ. ಹೊನ್ನಾಳಿಯಲ್ಲಿ ನನ್ನ ಷಡ್ಡಕ ಅಂತೋಣಪ್ಪ ಫಾರೆಸ್ಟ್ ಗಾರ್ಡ್ ಆಗಿದ್ದ. ಇಬ್ಬರನ್ನು ಕರೆದುಕೊಂಡು ಬಾ ಎಂದು ಅವನಿಗೊಂದು ಕಾರ್ಡು ಹಾಕಿದೆ. "ಮೂವರೂ ಬರುತ್ತೇವೆ, ಊಟದ ವ್ಯವಸ್ಥೆ ಹೇಗೆ?" ಎಂದು ಉತ್ತರ ಬಂತು. ಒಂಬತ್ತು ಮೂರು ಹನ್ನೆರಡು. ಇನ್ನು ಉಳಿದದ್ದು ಊರಿನ ಒಂಬತ್ತು ಮಂದಿಗೆ ಒಂದು ಮಾತು ತಿಳಿಸುವುದು.

ಭಾನುವಾರ ಜಪ ಮುಗಿದ ಮೇಲೆ ತಿಳಿಸಿದೆ. ಕೂಡಲೇ ಚೌರಪ್ಪ ಎದ್ದು ನಿಂತ.

"ಸ್ವಾಮಿಗಳು ನಮ್ಮ ಕಾಲು ತೊಳೀತಾರಾ? ಅವರ ಕೈಯಾಗೆ? ಅಯ್ಯಯ್ಯೋ, ಬ್ಯಾಡ್ರೀ ಮೇಷ್ಟ್ರೇ! ಯಾವ ನರಕಕ್ಕೆ ಹೋಗಾಕೆ?"

"ಶಿವಮೊಗ್ಗದಲ್ಲಿ ವರ್ಷಾ ವರ್ಷಾ ನೋಡ್ತೀರಲ್ಲಪ್ಪ!"

"ನೋಡೋದು ಬ್ಯಾರೆ, ತೊಳೆಸ್ಕಳೋದು ಬ್ಯಾರೆ. ಅಲ್ಲಿ ತೊಳೆಸ್ಕಳೋರು ಶಿವಮೊಗ್ಗದೋರು, ಅವರ ಪಾಪ ಅವರಿಗೆ."

ಇನ್ನಾಸಪ್ಪನ ಚಿಂತೆ ಇನ್ನೂ ಆಳವಾಗಿತ್ತು. "ಮೇಷ್ಟ್ರೇ, ಈ ಊರಿಗೆ ಮಠದ ಸ್ವಾಮಿಗಳು ಬಂದ್ರೆ ಏನ್ ಮಾಡ್ತಾರೆ? ಊರೇ ಸೇರಿ ಅವರ ಪಾದ ತೊಳೀತೈತೆ. ನಮ್ಮ ಸ್ವಾಮಿ ಬಂದು ಗಾರೆ ಕೆಲಸದೋನ ಕಾಲು ತೊಳೆದ್ರೆ ಊರಾಗೆ ಏನಂತಾರೆ? ಇವರ ಸ್ವಾಮಿ ಎಷ್ಟು ಸಣ್ಣೋನಿರಬೇಕು ಅನ್ನಲ್ವಾ? ನಮ್ಮ ಜಾತಿ ಮಾನ ಏನಾಗಬೇಕು?"

ಎಲ್ಲರೂ ತಲೆದೂಗಿದರು. ತಾವು ದೊಡ್ಡವರಾಗುವ ಆಸೆ ಒಬ್ಬರಿಗೂ ಇರಲಿಲ್ಲ, ಆದರೆ ತಮ್ಮ ಸ್ವಾಮಿ ಚಿಕ್ಕವರಾಗುವುದನ್ನು ಯಾರೂ ಒಪ್ಪರು! ನಾನು ಒಂದು ಗಂಟೆ ಉಪದೇಶ ಮಾಡಿದೆ. ದೊಡ್ಡವನು ಚಿಕ್ಕವರ ಸೇವೆ ಮಾಡಬೇಕು ಎಂಬುದೇ ಇದರ ಅರ್ಥ, ಅದಕ್ಕೇ ಯೇಸುಸ್ವಾಮಿ ಹೀಗೆ ಮಾಡಿದ್ದು, ಇದರಲ್ಲಿ ನಾಚಿಕೆ ಏನೂ ಇಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಯಾರೂ ಕರಗಲಿಲ್ಲ. ಕೊನೆಗೆ "ನಮ್ಮತ್ತೆ ನೋಡಬೇಕು ಅಂತ ಆಸೆಪಟ್ಟಿದ್ದಾರೆ" ಎಂದೆ. ಮರಿಯಮ್ಮ ಎಂದರೆ ಎಲ್ಲರಿಗೂ ಗೌರವ. ಆ ಏಳು ಮನೆಗಳಲ್ಲಿ ಆಕೆ ಬಾಣಂತನ ಮಾಡದ ಮನೆ ಒಂದೂ ಇರಲಿಲ್ಲ. ಉಪದೇಶಕ್ಕೆ ಒಂದು ಗಂಟೆ ಹಿಡಿದು ಆಗದ ಕೆಲಸ ಅತ್ತೆಯ ಹೆಸರಿಗೆ ಅರ್ಧ ನಿಮಿಷದಲ್ಲಿ ಆಯಿತು.

ಒಪ್ಪಿದರು, ಆದರೆ ಒಂದು ಷರತ್ತು. "ಸ್ವಾಮಿಗಳ ಕೈಗೆ ಒಂದು ಕಣ ಕೊಳೆ ತಾಗಬಾರದು. ಕಾಲು ತೊಳೆಯಾಕೆ ಏನೂ ಇರದಂಗೆ ತೊಳ್ಕಂಡೇ ಬರ್ತೀವಿ" ಎಂದರು. ಇದರಲ್ಲಿ ಏನು ತಪ್ಪು ಎಂದು ನಾನೂ ಹೂಂ ಎಂದೆ. ನನ್ನ ಅವನತಿ ಈ ಹೂಂನಿಂದ ಆರಂಭವಾಯಿತು.

ಅಲ್ಲಿಂದ ಹತ್ತು ದಿನ ನ್ಯಾಮತಿಯ ಕ್ರೈಸ್ತ ಸಮಾಜ ತಪಸ್ಸನ್ನು ಮರೆತು ಪಾದಗಳನ್ನು ಹಿಡಿಯಿತು. ಬೆಳಗಾದರೆ ಸೀಗೆಪುಡಿ, ಸಂಜೆಯಾದರೆ ಅರಿಶಿನ. ಬಾವಿಕಟ್ಟೆಯ ಕಲ್ಲಿಗೆ ಹಿಮ್ಮಡಿ ಉಜ್ಜುವವರ ಸಾಲು. ಚೌರಪ್ಪ ಆಸ್ಪತ್ರೆಯಿಂದ ಏನೋ ಔಷಧಿ ತಂದು ಹಂಚಿದ. ಅದರ ವಾಸನೆಗೆ ಪಕ್ಕದ ಬೀದಿಯವರು ಮತ್ತೆ ಪ್ಲೇಗ್ ಬಂತೇ ಎಂದು ವಿಚಾರಿಸಿದರು. ಆದರೆ ಇನ್ನಾಸಪ್ಪ ಮತ್ತು ಅವನ ತಮ್ಮನ ಹಿಮ್ಮಡಿಗಳು ಯಾವುದಕ್ಕೂ ಜಗ್ಗಲಿಲ್ಲ. ಇಪ್ಪತ್ತು ವರ್ಷ ಸುಣ್ಣ ತುಳಿದ ಕಾಲುಗಳು. ಒಂದೊಂದು ಬಿರುಕಿನಲ್ಲಿ ಕಾಸು ಬಿದ್ದರೆ ಸಿಗುವಂತಿರಲಿಲ್ಲ.

"ಇದಕ್ಕೆ ಮೇಣ ಕರಗಿಸಿ ಹರಳೆಣ್ಣೆ ಬೆರೆಸಿ ತುಂಬಬೇಕು" ಎಂದು ಚೌರಪ್ಪ ಅಪ್ಪಣೆ ಕೊಟ್ಟ. "ಮೇಣ ಎಲ್ಲೈತೆ ಈ ಕಾಲದಾಗೆ?"

ಮೇಣ ನನ್ನ ಹತ್ತಿರ ಇತ್ತು. ಯುದ್ಧದಿಂದಾಗಿ ಮೇಣದ ಬತ್ತಿ ಸಿಗದ ಕಾಲವೆಂದು ಸ್ವಾಮಿಗಳು ಹಬ್ಬಕ್ಕೆ ಮೊದಲೇ ಆರು ದೊಡ್ಡ ಬತ್ತಿಗಳನ್ನು ಕಳಿಸಿ, ಜೋಪಾನ ಎಂದು ಎರಡು ಸಲ ಬರೆದಿದ್ದರು. ಒಂದು ಬತ್ತಿಯಲ್ಲಿ ಕಾಲು ಭಾಗ ಕತ್ತರಿಸಿ ಕೊಟ್ಟೆ. ಇನ್ನಾಸಪ್ಪನ ಹಿಮ್ಮಡಿ ಕೂಸಿನ ಕೆನ್ನೆಯಂತಾಯಿತು. ಮರುದಿನ ಅವನ ತಮ್ಮ ಬಂದ. ಅದರ ಮರುದಿನ ಗ್ಯಾಂಗಿನವರು ಬಂದರು. ಪೇದೆ ಬಂದು, ಕೊಡದಿದ್ದರೆ ಏನಾಗುತ್ತದೆ ಎಂಬುದನ್ನು ಹೇಳದೆ ಸುಮ್ಮನೆ ನಿಂತ. ಬುಧವಾರದ ಹೊತ್ತಿಗೆ ಪೆಟ್ಟಿಗೆಯಲ್ಲಿ ಎರಡು ಬತ್ತಿ ಉಳಿದವು.

ಕಾಲು ತೊಳೆಯುವ ಪಾತ್ರೆಗಾಗಿ ನಮ್ಮ ಪಕ್ಕದ ಮನೆಯ ಹುಸೇನ್ ಸಾಬರ ಹತ್ತಿರ ಹೋದೆ. ಅವರು ಕಲಾಯಿ ಹಾಕುವವರು. ಊರಿನ ತಾಮ್ರ ಹಿತ್ತಾಳೆಯೆಲ್ಲ ವರ್ಷಕ್ಕೊಮ್ಮೆ ಅವರ ಕುಲುಮೆಗೆ ಹೋಗಿ ಬರಬೇಕು. ವಿಷಯ ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ.

"ಕಾಲು ತೊಳೆಯೋದು ದೊಡ್ಡ ಮಾತೇನಲ್ಲ ಮೇಷ್ಟ್ರೇ. ನಾವು ದಿನಕ್ಕೆ ಐದು ಸಲ ತೊಳ್ಕೋತೀವಿ. ನೀವು ವರ್ಷಕ್ಕೆ ಒಂದೇ ಸಲ ತೊಳೆಯಾಕೆ ಹೋಗ್ತೀರಿ, ಅದಕ್ಕೇ ನಿಮಗೆ ಇಷ್ಟು ತ್ರಾಸು" ಎಂದರು. ಹಳೆಯ ಪರಾತವನ್ನೂ ಮೂತಿ ಉದ್ದದ ತಂಬಿಗೆಯನ್ನೂ ಬೆಳ್ಳಿಯಂತೆ ಕಲಾಯಿ ಮಾಡಿ ಕೊಟ್ಟರು.

ನಾನು ಬುಧವಾರ ಮಧ್ಯಾಹ್ನ ಶಾಲೆಯ ಬೆಂಚು ತರಿಸಿ ಒಂಬತ್ತು ಮಂದಿಗೂ ತಾಲೀಮು ಕೊಟ್ಟೆ. "ಬಲಗಾಲು! ಬಲಗಾಲು ಮಾತ್ರ! ಎಡಗಾಲು ಮುಂದೆ ಬಂದರೆ ಬೆತ್ತ ಬರುತ್ತದೆ!" ಎಂದು ಗದರಿಸಿದೆ. ಗ್ಯಾಂಗಿನ ಇಬ್ಬರು ಮತ್ತೆ ಮತ್ತೆ ಎಡಗಾಲು ನೀಡಿದ್ದಕ್ಕೆ ಅವರ ಬಲಗಾಲಿಗೆ ಸೀಮೆಸುಣ್ಣದ ಗೀಟು ಎಳೆದೆ. ಅದನ್ನು ತೊಳೆಯಲು ಅವರು ಮತ್ತೆ ಬಾವಿಗೆ ಓಡಿದರು.

ಸಂಜೆ ಸ್ವಾಮಿಗಳು ಬಂದರು. ಬಿಳಿ ನಿಲುವಂಗಿ, ಎದೆ ಮುಟ್ಟುವ ಬಿಳಿ ಗಡ್ಡ. ಬಂದವರೇ ಮೇಣದ ಬತ್ತಿಯ ಪೆಟ್ಟಿಗೆ ತೆರೆದರು.

"ರಾಯಪ್ಪನವರೇ, ಬತ್ತಿಗಳು ಆರು ಇದ್ದವಲ್ಲವೇ?"

"ಇಲಿ ಕಾಟ, ಸ್ವಾಮಿ" ಎಂದೆ. ನಲವತ್ತು ದಿನದ ತಪಸ್ಸು ಎರಡು ಮಾತಿಗೆ ಮುಗಿಯಿತು!

"ಪುರುಷರು ಹನ್ನೆರಡು ಮಂದಿ ಇರುವರಷ್ಟೆ?"

"ಇದ್ದಾರೆ, ಸ್ವಾಮಿ" ಎಂದೆ. ಅಂತೋಣಪ್ಪ ಅದೇ ಸಂಜೆ ಬರಬೇಕಾಗಿತ್ತು, ಬಂದಿರಲಿಲ್ಲ. ಬೆಳಗಿನ ಬಸ್ಸಿಗೆ ಬರುತ್ತಾನೆಂದು ಸಮಾಧಾನ ಮಾಡಿಕೊಂಡೆ.

ಗುರುವಾರ ಬೆಳಿಗ್ಗೆ ತೆರೇಸ ಮತ್ತು ಇನ್ನಾಸಪ್ಪನ ಹೆಂಡತಿ ಸೇರಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದು ಪ್ರಾರ್ಥನೆ ಮನೆಯ ಮುಂದಿನ ಸಾಲಿನಲ್ಲೇ ಇಟ್ಟರು. ಮದುವೆಯ ಸೀರೆ ಉಟ್ಟಿದ್ದರು ಆಕೆ. ಮುಖ ನೋಡಿದರೆ ಇನ್ನು ಹತ್ತು ವರ್ಷ ಬದುಕುವ ಹಾಗೆ ಕಾಣುತ್ತಿತ್ತು. ಪೂಜೆ ಒಂಬತ್ತಕ್ಕೆ. ಎಂಟಾದರೂ ಹೊನ್ನಾಳಿ ಬಸ್ಸಿನ ಸುಳಿವಿಲ್ಲ. ಬೆಂಚಿನ ಮೇಲೆ ಒಂಬತ್ತು ಮಂದಿ ಹೊಳೆಯುವ ಕಾಲುಗಳನ್ನು ನೆಲಕ್ಕೆ ತಾಗಿಸದೆ ಎತ್ತಿ ಹಿಡಿದು ಕೂತಿದ್ದರು. ನಾನು ಹೊನ್ನಾಳಿ ರಸ್ತೆಯಲ್ಲಿ ಓಟ ಕಿತ್ತೆ.

ಒಂದೂವರೆ ಮೈಲಿಯ ಮೇಲೆ ಬಸ್ಸು ಸಿಕ್ಕಿತು. ಅದು ಇದ್ದಿಲಿನ ಬಸ್ಸು. ಪೆಟ್ರೋಲು ಇಲ್ಲದ ಆ ಕಾಲದಲ್ಲಿ ಬಸ್ಸಿನ ಬೆನ್ನಿಗೆ ಒಂದು ಪೀಪಾಯಿ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದ ಓಡಿಸುತ್ತಿದ್ದರು. ಓಡಿದರೆ ಓಡಿತು. ಅಂತೋಣಪ್ಪ ಮತ್ತು ಇನ್ನೊಬ್ಬ ಗಾರ್ಡು ಮರದ ನೆರಳಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರು.

"ಮೂರನೆಯವನು ಎಲ್ಲಯ್ಯ?" ಎಂದು ಕೂಗಿದೆ.

"ಬಸ್ಸು ಮೊದಲು ಕೆಟ್ಟಿದ್ದು ಅವನ ಮಾವನ ಊರ ಮುಂದೆ ಕಣೋ ರಾಯಪ್ಪ. ಮಾವ ನೋಡ್ಬಿಟ್ಟ. ಅಳಿಯಂದಿರು ಬಂದ್ರು ಅಂತ ಎಳ್ಕಂಡು ಹೋದ. ನಾವು ಏನ್ ಮಾಡಾಕೆ ಆಗ್ತೈತೆ?"

ಈ ಬಸ್ಸು ಹೊರಟರೆ ಸಾಕು, ಹಿಂದಕ್ಕೆ ಹೋಗಿ ಅವನನ್ನು ಹಿಡಿದು ತರಬಹುದು ಎಂಬ ಹುಚ್ಚು ಯೋಚನೆ ಬಂತು. ಡ್ರೈವರ್ ಬೂದಿ ಕೆದಕುತ್ತಿದ್ದ. ನಾನು ಗಾಳಿ ಹಾಕುವ ಹಿಡಿಕೆ ತಿರುಗಿಸಿದೆ. ತಿರುಗಿಸಿದೆ, ತಿರುಗಿಸಿದೆ, ತೋಳು ಬಿದ್ದುಹೋಗುವವರೆಗೆ ತಿರುಗಿಸಿದೆ. ಕೊನೆಗೆ ಹಿಂದಿನಿಂದ ನೂಕಲು ಹೋಗಿ, ಡ್ರೈವರ್ ಆಗತಾನೆ ನೀರು ಹಾಕಿ ಆರಿಸಿದ್ದ ಇದ್ದಿಲ ರಾಶಿಗೆ ಬಲಗಾಲಿಟ್ಟೆ. ಕಾಲು ಮೀನಖಂಡದವರೆಗೆ ಇಳಿಯಿತು. ಕಾಲು ಮೇಲೆ ಬಂತು, ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಬಸ್ಸು ಮಾತ್ರ ಅಲ್ಲಾಡಲಿಲ್ಲ.

ಮೂವರೂ ನಡೆದೇ ಹೊರಟೆವು. ಎಡಗಾಲಿಗೆ ಚಪ್ಪಲಿ, ಬಲಗಾಲು ಬರಿಗಾಲು. ದಾರಿಯ ಧೂಳು, ಎತ್ತಿನ ಸಗಣಿ, ಇದ್ದಿಲ ಕೆಸರು ಎಲ್ಲ ಸೇರಿ ನನ್ನ ಬಲಗಾಲು ಒಂದು ಬೂಟು ತೊಟ್ಟ ಹಾಗೆ ಆಗಿತ್ತು. ಬಾವಿಗೆ ಹೋಗಿ ತೊಳೆದುಕೊಳ್ಳೋಣ ಎಂದರೆ ಆಗಲೇ ಹತ್ತು ಗಂಟೆ. ಹಿಂದಿನ ರಾತ್ರಿಯಿಂದ ಹನಿ ನೀರೂ ಕುಡಿಯದೆ ಉಪವಾಸವಿದ್ದ ಸ್ವಾಮಿಗಳು ಪೂಜೆಯ ಉಡುಪು ಧರಿಸಿ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಿದವರೇ ಒಳಕ್ಕೆ ತಿರುಗಿದರು. ನಾನೂ ಒಂಟಿ ಚಪ್ಪಲಿಯನ್ನು ಬಾಗಿಲಲ್ಲಿ ಕಳಚಿ ಹಿಂದೆಯೇ ಹೋಗಿ ಪೀಠದ ಮುಂದೆ ಮಂಡಿಯೂರಿದೆ.

ಮಂಡಿಯೂರಿದವನ ಅಂಗಾಲು ಎತ್ತ ತಿರುಗಿರುತ್ತದೆ ಎಂಬುದನ್ನು ನಾನು ಅದುವರೆಗೆ ಯೋಚಿಸಿರಲಿಲ್ಲ. ಹಿಂದಿನಿಂದ ಕಿಸಕ್ ಎಂಬ ಶಬ್ದಗಳು ಬಂದವು. ಎಡಗಾಲನ್ನು ಬಲಗಾಲಿನ ಮೇಲೆ ಹಾಕಿ ಮುಚ್ಚಿಕೊಂಡೆ. ಲತೀನ್ ಉತ್ತರ ಎರಡು ಕಡೆ ತಪ್ಪಿತು.

ಪೂಜೆ ಮುಗಿಯಿತು. ಸ್ವಾಮಿಗಳು ಮೇಲುಡುಪು ತೆಗೆದು, ಸೊಂಟಕ್ಕೆ ಬಿಳಿ ವಸ್ತ್ರ ಕಟ್ಟಿ, ಬೆಂಚಿನ ಕಡೆ ತಿರುಗಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

"ಹನ್ನೊಂದು" ಎಂದರು.

ಸ್ವಾಮಿಗಳ ಕೈ ಸೊಂಟದ ವಸ್ತ್ರದ ಗಂಟಿಗೆ ಹೋಯಿತು. ನಾನು ಅತ್ತೆಯ ಕಡೆ ನೋಡಿದೆ, ನೋಡಬಾರದಾಗಿತ್ತು. ಆಕೆ ಸೀರೆಯ ಸೆರಗನ್ನು ಮೊಣಕಾಲ ಮೇಲೆ ಸರಿಮಾಡಿಕೊಳ್ಳುತ್ತಾ, ಏನೂ ಆಗಿಲ್ಲವೆಂಬಂತೆ ತಲೆ ಬಗ್ಗಿಸಿ ಕೂತಿದ್ದರು. ಹದಿನೈದು ಎಂದು ಬಡಾಯಿ ಕೊಚ್ಚಿದವನು ನಾನು. ಕಳೆದುಕೊಳ್ಳುವವರು ಆಕೆ.

ಆಗ ಇನ್ನಾಸಪ್ಪ ಬಾಯಿ ಬಿಟ್ಟ. "ಸ್ವಾಮಿ, ಮೇಷ್ಟ್ರು ಗಂಡಸರೇ ಅಲ್ವಾ?"

ಸ್ವಾಮಿಗಳು ನನ್ನನ್ನು ಹೊಸದಾಗಿ ನೋಡುವಂತೆ ನೋಡಿದರು. "ಸತ್ಯ. ರಾಯಪ್ಪನವರೇ, ಕುಳಿತುಕೊಳ್ಳಿರಿ."

"ನೀರು ಹುಯ್ಯುವವರು ಯಾರು ಸ್ವಾಮಿ? ಅದು ತಿಳಿದವರೇ ಆಗಬೇಕು" ಎಂದೆ, ಕಾಲನ್ನು ಪಂಚೆಯೊಳಗೆ ಅಡಗಿಸುತ್ತಾ.

"ನಾ ಇದ್ದೀನಲ್ಲ!" ಎಂಬ ದನಿ ಬಾಗಿಲಿನಿಂದ ಬಂತು. ಹುಸೇನ್ ಸಾಬರು! ತಮ್ಮ ಕಲಾಯಿಯನ್ನು ಯಾರಾದರೂ ಬೂದಿ ಹಾಕಿ ಉಜ್ಜಿ ಕೆಡಿಸುತ್ತಾರೋ ಏನೋ ಎಂದು ನೋಡಲು ಬಂದಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬಂದು ತಂಬಿಗೆ ಎತ್ತಿಕೊಂಡರು. ಸ್ವಾಮಿಗಳು ಒಂದು ಕ್ಷಣ ಯೋಚಿಸಿ ತಲೆಯಾಡಿಸಿದರು. ನಾನು ಬೆಂಚಿನ ತುದಿಗೆ ಕೂತೆ.

ಮೊದಲನೆಯವನು ಚೌರಪ್ಪ. ಸ್ವಾಮಿಗಳು ಮಂಡಿಯೂರಿ ಅವನ ಪಾದಕ್ಕೆ ಕೈ ಹಾಕಿದ್ದೇ ತಡ, ಅವನು ಕಾಲನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡ. ಸ್ವಾಮಿಗಳು ಎಳೆದರು. ಅವನೂ ಎಳೆದ. "ಬ್ಯಾಡ್ರೀ ಸ್ವಾಮಿ, ತಪ್ಪಾತು, ಬ್ಯಾಡ್ರೀ!" ಎಂದು ಅಳುಮುಖ ಮಾಡಿದ. ಎರಡನೆಯವನು ಇನ್ನಾಸಪ್ಪ. ಅವನು ಬೆಂಚಿನಿಂದಿಳಿದು ಸ್ವಾಮಿಗಳ ಕಾಲಿಗೇ ಅಡ್ಡಬೀಳಲು ಹೋಗಿ, ಇಬ್ಬರ ಹಣೆಗಳೂ ಢಿಕ್ಕಿ ಹೊಡೆದವು.

ಸ್ವಾಮಿಗಳು ಹಣೆ ಉಜ್ಜಿಕೊಂಡರು. "ಯೇಸುಸ್ವಾಮಿಗೆ ನನ್ನ ಕಾಲು ತೊಳೆಯಬೇಡ ಎಂದವನು ಹನ್ನೆರಡು ಶಿಷ್ಯರಲ್ಲಿ ಪೇತ್ರನೊಬ್ಬನೇ. ನೀವು ನನಗೆ ಹನ್ನೆರಡು ಪೇತ್ರರನ್ನು ಕೂಡಿಸಿ ಕೊಟ್ಟಿರುವಿರಿ" ಎಂದರು ನನ್ನ ಕಡೆ ತಿರುಗಿ.

ಇನ್ನಾಸಪ್ಪನ ಕಾಲಿಗೆ ನೀರು ಹಾಕಿದರೆ ನೀರು ನಿಲ್ಲಲೇ ಇಲ್ಲ. ಮುತ್ತಿನ ಹಾಗೆ ಉರುಳಿ ಪರಾತಕ್ಕೆ ಬಿತ್ತು. ಹಿಮ್ಮಡಿ ಸ್ವಾಮಿಗಳ ಕೈಯಿಂದ ಎರಡು ಸಲ ಜಾರಿತು. ಅವರು ಉಗುರಿನಿಂದ ಸ್ವಲ್ಪ ಕೆರೆದು, ಬೆಳಕಿಗೆ ಹಿಡಿದು, ಮೂಸಿ ನೋಡಿದರು.

"ರಾಯಪ್ಪನವರೇ, ನಿಮ್ಮ ಇಲಿಗಳು ಬಹಳ ಭಕ್ತಿವಂತ ಇಲಿಗಳು" ಎಂದರು.

ನಾನು ನೆಲ ನೋಡಿದೆ. ನೆಲದಲ್ಲಿ ನನ್ನ ಕಾಲು ಕಂಡಿತು. ಮೇಲೆ ನೋಡಿದೆ. ಸಾಲು ಮುಂದುವರಿಯಿತು. ಅರಿಶಿನದ ಕಾಲುಗಳನ್ನು ಒರೆಸಿ ಒರೆಸಿ ಬಿಳಿ ವಸ್ತ್ರ ಮದುವೆಯ ಪಂಚೆಯ ಬಣ್ಣಕ್ಕೆ ಬಂತು. ಪರಾತದ ನೀರು ಮಾತ್ರ ಹನ್ನೊಂದು ಕಾಲು ತೊಳೆದ ಮೇಲೂ ಕುಡಿಯಬಹುದಾದಷ್ಟು ತಿಳಿಯಾಗಿತ್ತು. ಹುಸೇನ್ ಸಾಬರು ಮೆಚ್ಚಿ ತಲೆದೂಗಿದರು.

ನನ್ನ ಸರದಿ ಬಂತು. ನಾನು ಎಡಗಾಲು ನೀಡಿದೆ.

"ಬಲಗಾಲು, ಮೇಷ್ಟ್ರೇ!" ಎಂದು ಹನ್ನೊಂದು ಮಂದಿ ಒಟ್ಟಿಗೆ ಹ್ರಸ್ವ ದೀರ್ಘ ತಪ್ಪದೆ ಹೇಳಿದರು. ಗ್ಯಾಂಗಿನವರ ದನಿಯೇ ಎಲ್ಲರಿಗಿಂತ ಜೋರು.

ಪಂಚೆಯಿಂದ ಬಲಗಾಲು ಹೊರಬಂತು. ಹೆಂಗಸರ ಕಡೆಯಿಂದ "ಯವ್ವಾ!" ಎಂಬುದೊಂದು ಕೇಳಿಸಿತು, ಅದು ತೆರೇಸಳದೇ. ಸ್ವಾಮಿಗಳು ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದರು. ನಾನು ಎಳೆದುಕೊಂಡೆ. ಅವರ ಹಿಡಿತ ಗಟ್ಟಿಯಾಗಿತ್ತು. ಅವರ ಮುಖದಲ್ಲಿ ಆ ದಿನ ಮೊದಲ ಸಲ ನಗು ಬಂತು.

"ಅಂತೂ ತೊಳೆಯಲು ಏನಾದರೂ ಇರುವ ಒಂದು ಪಾದ ದೊರೆಯಿತು!"

ಹುಸೇನ್ ಸಾಬರು ನೀರು ಹುಯ್ದರು. ಪರಾತ ಕಪ್ಪಾಯಿತು. ಇನ್ನೊಂದು ತಂಬಿಗೆ ಹುಯ್ದರು. "ಬೆರಳ ಸಂದಿ, ಸ್ವಾಮಿ, ಬೆರಳ ಸಂದಿ ಬಿಟ್ರಿ" ಎಂದು ತೋರಿಸಿಕೊಟ್ಟರು. ಸ್ವಾಮಿಗಳು ವಿಧೇಯತೆಯಿಂದ ಬೆರಳ ಸಂದಿ ತೊಳೆದರು. ಮೂರನೆಯ ತಂಬಿಗೆಗೆ ಚೌರಪ್ಪ ಬಾವಿಗೆ ಓಡಿದ. ಅಷ್ಟಾದರೂ ಇದ್ದಿಲ ಬಣ್ಣ ಪೂರ್ತಿ ಹೋಗಲಿಲ್ಲ. ಸ್ವಾಮಿಗಳು ಬಗ್ಗಿ ನನ್ನ ಪಾದಕ್ಕೆ ಮುತ್ತಿಟ್ಟರು. ಎದ್ದು ನಿಂತಾಗ ಅವರ ಮೂಗಿನ ತುದಿ ಕಪ್ಪು, ಬಿಳಿ ಗಡ್ಡದ ತುದಿಯೂ ಕಪ್ಪು!

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅತ್ತೆಯ ಕಡೆ ನೋಡಿದೆ. ಆಕೆಯ ಕಣ್ಣಿನಿಂದ ಧಾರಾಕಾರವಾಗಿ ನೀರು ಸುರಿಯುತ್ತಿತ್ತು. ನನ್ನ ಎದೆ ತುಂಬಿ ಬಂತು. ಏನೇ ಎಡವಟ್ಟು ಮಾಡಿದ್ದರೂ ಮುದುಕಿಯ ಆಸೆ ತೀರಿಸಿದೆನಲ್ಲ! ನಾಲ್ಕು ವರ್ಷದ ಮೇಲೆ ಕಣ್ಣ ತುಂಬ ನೋಡಿದರಲ್ಲ! ಎಲ್ಲರೂ ಹೊರಗೆ ಹೋದ ಮೇಲೆ ಹತ್ತಿರ ಹೋಗಿ, ಸ್ವಲ್ಪ ದೊಡ್ಡ ಮನುಷ್ಯನ ದನಿಯಲ್ಲಿಯೇ ಕೇಳಿದೆ.

"ಅಳಬೇಡಿ ಅತ್ತೆ. ಮನಸ್ಸಿಗೆ ಸಮಾಧಾನ ಆಯ್ತಾ?"

"ಆತು ಕಣ್ರಿ ಅಳಿಯಂದಿರೇ, ಭಾಳ ಸಮಾಧಾನ ಆತು. ನಿಮಗೆ ಪುಣ್ಯ ಬರಲಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಅದಕ್ಕಲ್ಲ ಅತ್ತಿದ್ದು. ಆ ಸ್ವಾಮಿಗಳ ತಾಯಿನ ನೆನೆಸ್ಕಂಡೆ. ಏಳು ಸಮುದ್ರದಾಚೆ ಯಾವ ಊರಾಗೋ ಇದ್ದಾಳು ಪಾಪ. ಎಷ್ಟು ಮುದ್ದಿನಿಂದ ಸಾಕಿರ್ತಾಳೆ, ಆ ಮುಖ ಎಷ್ಟು ಸಲ ತೊಳೆದಿರ್ತಾಳೆ..." ಎಂದು ಮತ್ತೆ ಬಿಕ್ಕಿದರು.

ಆಕೆ ನನ್ನ ಬಲಗಾಲನ್ನು ಒಮ್ಮೆ ದಿಟ್ಟಿಸಿ ನೋಡಿ, ದನಿ ತಗ್ಗಿಸಿ ಹೇಳಿದರು:

"ನಿಮಗೆ ಕಾಗದ ಬರೆಯೋ ಚಾಳಿ ಐತೆ. ಆ ತಾಯಿಗೆ ಮಾತ್ರ ಇದನ್ನ ಬರೀಬ್ಯಾಡ್ರಿ."

ಬರೆಯಲಿಲ್ಲ.